ಕೆನ್ನೆಯ ಮೇಲಿನ ಮೂರು ಗೀರು

ದಾಕ್ಷಾಯಣಿಗೆ ಸತ್ತ ಗಂಡನ ಒಂದು ಫೋಟೋ ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಭದ್ರಾವತಿಯ ಹಳೇ ಊರಿನಲ್ಲಿ ಅವಳ ಗಂಡ ಹೊನ್ನಯ್ಯನಷ್ಟು ಫೋಟೋಗೆ ಹೆದರುವ ಗಂಡಸು ಇನ್ನೊಬ್ಬನಿರಲಿಲ್ಲ. ಕಬ್ಬಿಣದ ಕಾರ್ಖಾನೆಯಲ್ಲಿ ಹದಿನೈದು ವರ್ಷ ಬೆಂಕಿಯ ಮುಂದೆ ನಿಂತವನು, ಕ್ಯಾಮರಾ ಕಂಡರೆ ಓಣಿ ಬದಲಿಸುತ್ತಿದ್ದ. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವನ ಅಜ್ಜಿ ತಲೆಗೆ ತುಂಬಿದ್ದಳು. ಮದುವೆಯ ದಿನವೂ ತೆಗೆಸಲಿಲ್ಲ.

ಐವತ್ತೆಂಟನೇ ಇಸವಿಯ ಹೋಳಿ ಹಬ್ಬಕ್ಕೆ ಓಣಿಯ ಗಂಡಸರು ಶಿವಮೊಗ್ಗೆಯಿಂದ ಫೋಟೋದ ರಸೂಲ್ ಸಾಬರನ್ನು ಕರೆಸಿದರು. ತಪ್ಪಿಸಿಕೊಳ್ಳಲು ಯಾರೂ ಬಿಡಲಿಲ್ಲ. ಹೊನ್ನಯ್ಯ ಬೆಳಿಗ್ಗೆಯೇ ಹೆಂಡತಿಯ ಮುಂದೆ ಕೂತ.

"ದಪ್ಪಗೆ ಬಳಿ ಮಾರಾಯ್ತಿ. ಒಳಗೆ ಯಾರಿದಾನೆ ಅಂತ ಆ ಡಬ್ಬಿಗೆ ಗೊತ್ತಾಗಬಾರ್ದು."

ಅವಳು ಕೆಂಪು ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬಳಿದಳು. ಕೊನೆಗೆ ಕೆನ್ನೆಯ ಮೇಲೆ ನಾಲ್ಕು ಬೆರಳು ಎಳೆದಳು. ಹಿಂದೆಂದೋ ಒರಳಿಗೆ ಸಿಕ್ಕಿ ಮಡಚಿಕೊಂಡಿದ್ದ ಅವಳ ನಡುಬೆರಳು ಎಂದಿನಂತೆ ತಾಗಲಿಲ್ಲ.

"ಸಾಕಾ? ಇಲ್ಲಾ ಕಣ್ಣಿಗೂ ಮೆತ್ತಲಾ?"

"ಕಣ್ಣು ಬಿಡೇ. ಓಕುಳಿ ಎರಚೋಕೆ ಬೇಕು."

ಮುಖಕ್ಕೆ ಕೆಂಪು ಮೆತ್ತಿಕೊಂಡ ಹನ್ನೆರಡು ಗಂಡಸರು ಸಾಲಾಗಿ ನಿಂತರು. ಟಕ್ ಎಂದದ್ದೇ ತಡ, ಹಂಡೆಗಟ್ಟಲೆ ಓಕುಳಿ ಸಾಬರ ತಲೆಯ ಮೇಲೆ ಬಿತ್ತು. ಅವರು ಕ್ಯಾಮರಾವನ್ನು ಕೋಟಿನೊಳಗೆ ಹುದುಗಿಸಿಕೊಂಡು ಓಡಿದರು.

"ನಿಮ್ಮ ಕೈ ಸೇದೋಗ! ನಾನು ಇನ್ನು ಈ ಓಣಿಗೆ ಕಾಲಿಟ್ರೆ ಕೇಳಿ!"

ಎರಡು ತಿಂಗಳಿಗೆ ಹೊನ್ನಯ್ಯ ಜ್ವರ ಬಂದು ಸತ್ತ.

ದಾಕ್ಷಾಯಣಿ ಬಸ್ಸು ಹತ್ತಿ ಶಿವಮೊಗ್ಗೆಗೆ ಹೋಗಿ ಸಾಬರ ಅಂಗಡಿಯ ಬಾಗಿಲಲ್ಲಿ ನಿಂತಳು.

"ಭದ್ರಾವತಿ ಹೋಳಿ ದಿನ ನಮ್ಮನೆಯವರ ಆಯುಸ್ಸು ತಗೊಂಡ್ರಿ. ಮುಖನಾದ್ರೂ ಕೊಡಿ."

"ನನ್ನ ಕೋಟು ಹಾಳು ಮಾಡಿದ್ದು ನಿಮ್ಮ ಓಣಿಯವರು, ಬೈಸ್ಕೊಳೋದು ನಾನಾ?" ಎಂದರು ಸಾಬರು. ಆದರೂ ಆ ಫೋಟೋ ಹುಡುಕಿ ಮೇಜಿನ ಮೇಲೆ ಬಿಸಾಕಿದರು. ಹನ್ನೆರಡು ಕರಿ ಮುಖಗಳು. ಕೆಂಪು ಬಣ್ಣ ಅವರ ಫಿಲ್ಮಿಗೆ ಕಪ್ಪಾಗಿ ಬೀಳುತ್ತಿತ್ತು.

"ಇದ್ರಲ್ಲಿ ನಿನ್ನ ಗಂಡ ಯಾರು ತೋರಿಸು. ದೊಡ್ಡದು ಮಾಡಿ ಕೊಡ್ತೀನಿ."

ಅವಳು ಒಂದೊಂದೇ ಮುಖ ನೋಡಿದಳು. ಎಡದಿಂದ ಏಳನೆಯವನ ಕೆನ್ನೆಯಲ್ಲಿ ಮೂರು ತೆಳು ಗೀರು. ಒಂದು, ಆಮೇಲೆ ಒಂದು ಬೆರಳಿನಷ್ಟು ಖಾಲಿ, ಆಮೇಲೆ ಎರಡು.

"ಇವರು."

ಮುಂದಿನ ವಾರ ಹೋದಾಗ ದೊಡ್ಡ ಫೋಟೋ ಚೌಕಟ್ಟಿನಲ್ಲಿ ಕೂತಿತ್ತು. ಕೆನ್ನೆ ನುಣ್ಣಗಿತ್ತು.

"ಗೀರೆಲ್ಲಿ?"

"ಕೊಳೆ ಥರ ಕಾಣ್ತಿತ್ತು. ಬ್ರಷ್ಷಲ್ಲಿ ಮುಚ್ಚಿದೀನಿ. ಮೀಸೆನೂ ತಿದ್ದಿದೀನಿ. ರಾಜನ ಹಂಗಿದಾರೆ ನೋಡು."

"ರಾಜನ್ನ ನೀವೇ ಇಟ್ಕೊಳ್ಳಿ. ನಂಗೆ ನಮ್ಮನೆಯವರು ಬೇಕು."

"ಹುಚ್ಚು ಹಿಡಿದಿದ್ಯಾ ನಿಂಗೆ? ಮೂರು ದಿನ ಕೂತು ತಿದ್ದಿದೀನಿ!"

ಅವಳು ಬಲಗೈಯನ್ನು ಚೌಕಟ್ಟಿನ ಗಾಜಿನ ಮೇಲೆ, ಕೆನ್ನೆಯಿರುವ ಕಡೆ ಊರಿದಳು. ನಡುಬೆರಳು ಗಾಜಿಗೆ ತಾಗಲಿಲ್ಲ. ಉಳಿದ ಮೂರು ತಾಗಿದವು.

"ಬಳಿದಿದ್ದು ನಾನೇ. ಅವರು ಕಾಣಬಾರ್ದು ಅಂತ ಬಳಿದೆ. ಈಗ ಅವರನ್ನ ತೋರಿಸೋದು ಆ ಗೀರೊಂದೇ."

ಸಾಬರು ಆ ಕೈ ನೋಡಿದರು. ಚೌಕಟ್ಟಿನ ಮೊಳೆ ಕಿತ್ತು ಕತ್ತಲೆ ಕೋಣೆಗೆ ಹೋದರು. ಅವಳು ಕೂರಲಿಲ್ಲ. ಕೂತ್ಕೋ ಎಂದು ಅವರೂ ಹೇಳಿರಲಿಲ್ಲ. ಸಂಜೆಯ ಹೊತ್ತಿಗೆ ಹೊಸ ಫೋಟೋ ಸಿಕ್ಕಿತು. ಮೂರು ಗೀರೂ ಇದ್ದವು.

ನಡುಮನೆಯ ಗೋಡೆಗೆ ಅದನ್ನು ಹಾಕಿದಾಗ ಅತ್ತೆ ಸಿಡುಕಿದರು. "ಯಾರದೇ ಇದು ಮಸಿ ಮುಖ? ಬಂದೋರು ಏನಂದಾರು? ತೆಗಿ ಅದನ್ನ."

"ನಿಮ್ಮ ಮಗಂದು. ಮೊಳೆ ಹೊಡೆದಿದೀನಿ. ಕೀಳೋದಿದ್ರೆ ನಾನು ಸತ್ತ ಮೇಲೆ ಕೀಳಿ," ಎಂದಳು ದಾಕ್ಷಾಯಣಿ.