ಬಾಗಿನವಾಗಿ ಬಂದ ಮೀನಿನ ತೊಟ್ಟಿ

ಮೊನ್ನೆ ಹಾಸನದ ಬೋರ್ಡ್ ಅಂಗಡಿಯೊಂದರಲ್ಲಿ ಅಂಗಡಿಯವನು ಅಕ್ರಿಲಿಕ್ ಬೆಸೆಯಲು ಸಿರಿಂಜಿಗೆ ಕ್ಲೋರೋಫಾರ್ಮ್ ಎಳೆದುಕೊಂಡ. ತಲೆ ಹಿಡಿಯುವ ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಬಿಸಿಲಿಗೆ ಆಯಾಸವಾಗಿರಬೇಕು ಎಂದು ಅವನು ನೀರು ಕೊಟ್ಟ. ಆಯಾಸವೇನೋ ನಿಜ, ಆದರೆ ಅದು ಅವತ್ತಿನದಲ್ಲ...

ನಾನು ರಿಪೇರಿಗೆ ತಂದಿದ್ದು ಮನೆಯ ಅಕ್ರಿಲಿಕ್ ಮೀನಿನ ತೊಟ್ಟಿ. ಒಂದು ಮೂಲೆಯಲ್ಲಿ ನೀರು ಜಿನುಗುತ್ತಿತ್ತು. ಅದನ್ನು ಮಾಡಿದವರು, ಚನ್ನರಾಯಪಟ್ಟಣದಲ್ಲಿ ನಮ್ಮ ಮನೆಯೆದುರು ಬೋರ್ಡು, ನಂಬರ್ ಪ್ಲೇಟು ಮಾಡುತ್ತಿದ್ದ ಅಂಗಡಿಯವರು. ಹಣೆಯಲ್ಲಿ ವಿಭೂತಿ, ಕಿವಿಯ ಮೇಲೆ ಪೆನ್ಸಿಲ್ಲು. ವರ್ಷಗಟ್ಟಲೆ ನಮ್ಮ ನಡುವೆ ಇದ್ದದ್ದು ಬರೀ 'ಊಟ ಆಯ್ತಾ' ಅನ್ನುವಷ್ಟು ಪರಿಚಯ.

ಆಗ ಅಮ್ಮನಿಗೆ ಮರೆವು ಹತ್ತಿತ್ತು. ಬಾಗಿಲು ತೆರೆದಿದ್ದರೆ ಸಾಕು, ತವರಿಗೆ ಹೋಗುತ್ತೇನೆಂದು ಹೊರಟುಬಿಡುತ್ತಿದ್ದಳು. ತವರು ಶಾಂತಿಗ್ರಾಮ. ಅಲ್ಲಿದ್ದ ಒಬ್ಬನೇ ಅಣ್ಣ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಒಮ್ಮೆ ಎದುರು ದಿಕ್ಕಿನ ಬಸ್ಸು ಹತ್ತಿ ಹಿರೀಸಾವೆಯಲ್ಲಿ ಇಳಿದು ನಿಂತಿದ್ದಳು, ಹೋಟೆಲಿನವರು ಕೂರಿಸಿಕೊಂಡು ನನಗೆ ಫೋನ್ ಮಾಡಿದರು. ಅವಳನ್ನು ಮನೆಯಲ್ಲಿ ಹಿಡಿದಿಡುತ್ತಿದ್ದುದು ಒಂದು ಗಾಜಿನ ತೊಟ್ಟಿ, ಅದರೊಳಗಿನ ಕೆಂಪು ಮೀನುಗಳು. ಕಾಫಿ ಲೋಟದಿಂದ ಗಾಜು ತಟ್ಟಿ ಅವನ್ನು ಕರೆಯುತ್ತಿದ್ದಳು. ಒಂದು ದಿನ ಜೋರಾಗಿಯೇ ಕರೆದಳು. ಗಾಜು ಒಡೆದು ಅಂಗೈ ಸೀಳಿತು.

ಇನ್ನು ಮೀನು ಬೇಡ ಎಂದೆ. ಮರುದಿನದಿಂದ ಗೇಟಿಗೆ ಬೀಗ ಹಾಕಿಯೇ ಶಾಲೆಗೆ ಹೋಗಬೇಕಾಯಿತು. ನೋಡಿಕೊಳ್ಳಲು ಬಂದ ಹೆಂಗಸರು ನಿಲ್ಲುತ್ತಿರಲಿಲ್ಲ. ಹೆತ್ತ ತಾಯಿಯನ್ನು ಕೂಡಿಹಾಕಿ, ಪಾಠ ಮಾಡಿ, ಬಂದು ಬೀಗ ತೆಗೆಯುವುದು... ಸಾಕುಸಾಕಾಗಿತ್ತು. ಅಮ್ಮ ದಿನವಿಡೀ ಸರಳು ಹಿಡಿದು ಅಲ್ಲಾಡಿಸುತ್ತಾ, ಎದುರಿನ ಅಂಗಡಿಯವರನ್ನು ಕೂಗುತ್ತಿದ್ದಳಂತೆ.

"ಅಣ್ಣಾ, ಕರ್ಕೊಂಡೋಗೋ ನನ್ನ!"

"ಬತ್ತೀನಿ ಇರವ್ವಾ, ಅಂಗ್ಡಿ ಬಾಗ್ಲಾಕ್ಬುಟ್ಟು ಬತ್ತೀನಿ," ಎನ್ನುತ್ತಿದ್ದರಂತೆ ಅವರು. ನಾನು ನಿಮ್ಮಣ್ಣ ಅಲ್ಲ ಎಂದು ಒಂದು ದಿನವೂ ಅನ್ನಲಿಲ್ಲ.

ಒಂದು ಸಂಜೆ ಅವರೇ ಗೇಟಿನ ಹತ್ತಿರ ಬಂದರು. "ಟೀಚರಮ್ಮ, ಗಾಜು ಬ್ಯಾಡ ಕಣಿ. ಅಕ್ರಿಲಿಕ್‌ನಲ್ಲಿ ಮಾಡ್ಕೊಡ್ತೀನಿ. ಎಷ್ಟು ಬಡುದ್ರೂ ಒಡ್ಯಾಕಿಲ್ಲ."

ಅಕ್ರಿಲಿಕ್ ಹಾಳೆಗೆ ಅಂಟಿದ್ದ ಕಾಗದ ಕೀಳದೆ, ಉಕ್ಕಿನ ಸ್ಕೇಲಿಟ್ಟು, ಕಟರ್‌ನಿಂದ ಮತ್ತೆ ಮತ್ತೆ ಗೀರಿ, ಮೇಜಿನ ಅಂಚಿಗಿಟ್ಟು ಒತ್ತಿದರೆ ಟಕ್ಕೆಂದು ನೇರವಾಗಿ ಮುರಿಯುತ್ತಿತ್ತು. ಜೋಡಿಸಿದ ಸಂದಿಗೆ ಸಿರಿಂಜಿನಿಂದ ಕ್ಲೋರೋಫಾರ್ಮ್ ಬಿಟ್ಟರೆ ಅದು ತಾನಾಗಿಯೇ ಒಳಗೆ ಹರಿದು ಎರಡು ಹಲಗೆಗಳನ್ನು ಒಂದು ಮಾಡುತ್ತಿತ್ತು. ಆದರೆ ಮೊದಲ ತೊಟ್ಟಿ ಕೈಕೊಟ್ಟಿತು. ಬೋರ್ಡಿನ ಅಕ್ಷರಗಳಿಗೆ ಮಾಡುವ ಹಾಗೆ, ಮಿರಮಿರ ಮಿಂಚಲೆಂದು ಅಂಚುಗಳಿಗೆಲ್ಲ ಬೆಂಕಿ ತೋರಿಸಿಬಿಟ್ಟಿದ್ದರು. ಬೆಂಕಿ ಕಂಡ ಅಂಚಿಗೆ ಕ್ಲೋರೋಫಾರ್ಮ್ ತಗುಲಿ, ಅಂಟಿದ ಉದ್ದಕ್ಕೂ ಕೂದಲಿನಂಥ ಬಿರುಕು. ನೀರು ತುಂಬಿದರೆ ನಾಲ್ಕು ಕಡೆಯೂ ಬೆವರಿತು.

"ಬೋರ್ಡ್ ಬುದ್ಧಿ ಬುಡಲ್ಲ ನೋಡಿ," ಎಂದು ನಕ್ಕು ಎತ್ತಿಕೊಂಡು ಹೋದರು. ನನಗೆ ನಗು ಬರಲಿಲ್ಲ. ಮರುದಿನವೂ ಬೀಗ ಹಾಕಬೇಕಿತ್ತಲ್ಲ.

ಎರಡನೆಯದಕ್ಕೆ ಬೆಂಕಿ ಸೋಕಿಸಲಿಲ್ಲ. ಅಂಚನ್ನು ಕಟರ್ ಬೆನ್ನಿನಿಂದ ಹೆರೆದು ಮಂಕಾಗಿಯೇ ಬಿಟ್ಟರು. ಅಂಟಿಸಿದ ಮೇಲೆ ಒಣಗುವ ತನಕ ಮುಟ್ಟಗೊಡಲಿಲ್ಲ. ಅಷ್ಟರಲ್ಲಿ ಗೌರಿಹಬ್ಬ ಬಂತು. ಮಿಕ್ಕಿದ್ದೆಲ್ಲ ಮರೆತ ಅಮ್ಮನಿಗೆ ಗೌರಿಹಬ್ಬ ಮಾತ್ರ ನೆನಪಿತ್ತು. "ಅಣ್ಣಾ, ಬಾಗಿನ ಎಲ್ಲೋ?" ಎಂದು ಸರಳಿನೊಳಗಿಂದ ಕೇಳಿದಳು. ಅಪ್ಪ ಹೋದಮೇಲೆ ಅವಳಿಗೆ ಯಾರೂ ಬಾಗಿನವಿರಲಿ, ಅರಿಸಿನ ಕುಂಕುಮವನ್ನೂ ಕೊಟ್ಟಿರಲಿಲ್ಲ.

ಹಬ್ಬದ ದಿನ ಅವರು ಬಂದರು. ಒಗೆದ ಬಿಳಿ ಪಂಚೆ, ಎರಡು ಕೈಯಲ್ಲಿ ತೊಟ್ಟಿ. ಒಳಗೆ ಬಳೆ, ಅರಿಸಿನ ಕುಂಕುಮದ ಪೊಟ್ಟಣ, ಬಾಳೆಹಣ್ಣು, ಮಡಿಸಿದ ಒಂದು ರವಿಕೆ ಕಣ.

"ತಗಳವ್ವಾ, ತವರಿಂದ ತಂದಿವ್ನಿ."

ಅಮ್ಮ ಸೆರಗೊಡ್ಡಿ ತೊಟ್ಟಿಯನ್ನು ಮುಟ್ಟಿಸಿಕೊಂಡಳು. ಅದಕ್ಕೆ ನೀರು ತುಂಬಿ ಮತ್ತೆ ಕೆಂಪು ಮೀನು ಬಿಟ್ಟ ಮೇಲೆ ಅವಳು ಗೇಟಿನ ಕಡೆ ಹೋಗಲಿಲ್ಲ. ಯಾರು ಬಂದರೂ ಕೈಹಿಡಿದು ತೊಟ್ಟಿಯ ಮುಂದೆ ನಿಲ್ಲಿಸಿ, "ನಮ್ಮಣ್ಣ ಕೊಟ್ಟಿದ್ದು," ಎನ್ನುತ್ತಿದ್ದಳು. ನಾನು ಬೀಗವನ್ನು ಮೊಳೆಗೆ ನೇತುಹಾಕಿದೆ. ಪ್ರತಿ ಸಂಜೆ ಅಂಗಡಿ ಮುಚ್ಚಿ ಅವರು ಬರುತ್ತಿದ್ದರು, ಇಬ್ಬರೂ ಮೀನು ನೋಡುತ್ತಾ ಕೂರುತ್ತಿದ್ದರು.

ಅಮ್ಮ ಹೋದಳು. ಹೊಸ ನಮೂನೆಯ ನಂಬರ್ ಪ್ಲೇಟುಗಳು ಕಂಪನಿಯಿಂದಲೇ ಬರತೊಡಗಿ ಅವರ ಅಂಗಡಿಯೂ ಮುಚ್ಚಿತು. ಅವರು ಅರಕಲಗೂಡಿನ ಮಗಳ ಮನೆ ಸೇರಿದರು, ನಾನು ವರ್ಗವಾಗಿ ಹಾಸನಕ್ಕೆ ಬಂದೆ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಅಳುವುದಕ್ಕೂ ಆಗ ನನ್ನಲ್ಲಿ ತ್ರಾಣವಿರಲಿಲ್ಲ.

ಮೊನ್ನೆ ಹಾಸನದ ಅಂಗಡಿಯವನು ಮೂಲೆ ಬೆಸೆದು, ಬೆರಳಿನಿಂದ ಮುಂಭಾಗ ಸವರಿದ. ಅಮ್ಮನ ಲೋಟ ಗೀರಿದ ಜಾಗ, ಮಬ್ಬಾಗಿತ್ತು. "ಇದನ್ನೂ ಉಜ್ಜಿ ತೆಗೀಲಾ ಮೇಡಂ?"

ಬೇಡವೆಂದೆ.

ಅವನು ತೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಕೈಯಲ್ಲೇ ಕಟ್ ಮಾಡವ್ರೆ. ಯಾರು ಮೇಡಂ ಮಾಡಿದ್ದು?"

"ನಮ್ಮ ಸೋದರಮಾವ," ಎಂದೆ.

ಅವರು ಬದುಕಿದ್ದಾಗ ಒಂದು ಸಲವೂ ನಾನು ಅವರನ್ನು ಮಾವ ಎಂದು ಕರೆದಿರಲಿಲ್ಲ.