ಜಲೇಹಾಗೆ ಮುಚ್ಚಲಾಗದ ಕಡತ

ಜಲೇಹಾ ನಮ್ಮ ಕುವಾಲಾ ಸೆರಾಯಿ ನೀರಾವರಿ ಕಚೇರಿಗೆ ಬಂದದ್ದು ಮೂರೇ ತಿಂಗಳ ಮಟ್ಟಿಗೆ. ದಾಖಲೆ ಕೋಣೆಯ ಗುಮಾಸ್ತೆ ಹೆರಿಗೆ ರಜೆ ಹಾಕಿದ್ದಳು. ಆಕೆಗೆ ಅವಳಿಜವಳಿ ಹುಟ್ಟಿ ರಜೆ ರಾಜೀನಾಮೆಗೆ ತಿರುಗಿತು, ಜಲೇಹಾಳ ಮೂರು ತಿಂಗಳು ಮೂವತ್ತಮೂರು ವರ್ಷವಾಯಿತು. ಅದರಲ್ಲಿ ಇಪ್ಪತ್ತೆಂಟು ವರ್ಷ ನಾನು ಅವಳ ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಕಾಲುವೆಗಳ ನಕ್ಷೆ ಬರೆದವನು. ಅವಳ ಸೀನು, ಹಾಡು, ಬೈಗುಳ ಎಲ್ಲವೂ ನನಗೆ ಬಾಯಿಪಾಠ.

ಕುಳ್ಳಗೆ, ದುಂಡಗೆ ಇದ್ದಳು. ನಡೆದರೆ ಓಡಿದಂತೆ ಕಾಣುತ್ತಿತ್ತು. ಕಚೇರಿಯಲ್ಲಿ ಎಲ್ಲರಿಗೂ ಅವಳು ಕಾಕ್ ಲೇಹಾ, ಅಂದರೆ ಲೇಹಾ ಅಕ್ಕ. ಹಳೆಯ ಕಾಗದ ಕಾಯುವವರೆಂದರೆ ಚೂರು ಚೀಟಿಯನ್ನೂ ಬಿಡದ ಜನ ಎಂದು ಹೊರಗಿನವರು ತಿಳಿಯುತ್ತಾರೆ. ಜಲೇಹಾ ತದ್ವಿರುದ್ಧ. ವರ್ಷಕ್ಕೊಮ್ಮೆ ಮಾರ್ಚಿನಲ್ಲಿ, ಸರ್ಕಾರಿ ದಾಖಲೆ ಭಂಡಾರದವರು ಪಟ್ಟಿಗೆ ಒಪ್ಪಿಗೆ ಕೊಟ್ಟ ಮೇಲೆ, ಅವಧಿ ಮುಗಿದ ಕಡತಗಳನ್ನು ಒಯ್ಯಲು ಕಾಗದದ ಗಿರಣಿಯ ಲಾರಿ ಬರುತ್ತಿತ್ತು. ಆ ದಿನ ಅವಳಿಗೆ ಹಬ್ಬ. ಹೊಸ ಬಾಜು ನಿಲುವಂಗಿ ತೊಟ್ಟು, ಲಾರಿಯ ಆಳುಗಳಿಗೆ ಹೆಸರುಕಾಳಿನ ಪಾಯಸ ಮಾಡಿಕೊಂಡು ಬರುತ್ತಿದ್ದಳು.

“ಇಡೋದಕ್ಕೇನು, ಕಪಾಟೇ ಇಟ್ಕೊಂಡಿರತ್ತೆ. ನಂಗೆ ಸಂಬಳ ಕೊಡೋದು ಬಿಸಾಡೋದಕ್ಕೆ,” ಎನ್ನುತ್ತಿದ್ದಳು.

ಬಿಸಾಡಲು ಒಂದು ಲೆಕ್ಕವಿತ್ತು. ಕಡತದ ಮೇಲಿನ ಕೊನೆಯ ಪತ್ರಕ್ಕೆ ಐದು ವರ್ಷ ತುಂಬಬೇಕು. ಅಷ್ಟರಲ್ಲಿ ಹೊಸ ಪತ್ರ ಬರದಿದ್ದರೆ ಕಡತಕ್ಕೆ ಮುಕ್ತಾಯದ ಮೊಹರು ಬಿದ್ದು, ಅದು ಪಟ್ಟಿಗೆ ಸೇರುತ್ತಿತ್ತು. ಒಂದೇ ಒಂದು ಕಾಗದ ಬಂದರೂ ಎಣಿಕೆ ಮತ್ತೆ ಮೊದಲಿನಿಂದ. ಸಾವಿರಾರು ಕಡತಗಳು ಈ ಲೆಕ್ಕಕ್ಕೆ ತಲೆಬಾಗಿ ಹೋದವು. ಇನ್ನೂರ ಹದಿನಾಲ್ಕನೆಯದು ಮಾತ್ರ ಹೋಗಲಿಲ್ಲ.

ಅದು ಕಂಪುಂಗ್ ಬತು ರಾಕಿತ್ ಎಂಬ ಹಳ್ಳಿಯ ತೂಬಿಗೆ ಸಂಬಂಧಿಸಿದ್ದು, ೧೯೬೧ರಲ್ಲಿ ತೆರೆದದ್ದು. ನಾಲ್ಕು ವರ್ಷ ಅದು ಸತ್ತಂತೆ ಬಿದ್ದಿರುತ್ತಿತ್ತು. ಇನ್ನೇನು ಐದು ತುಂಬಬೇಕು ಎನ್ನುವಾಗ ಸಿದೆಕ್ ಬಿನ್ ಜಿದಿನ್ ಎಂಬ ರೈತನ ಪತ್ರ ಟಪಾಲಿನಲ್ಲಿ ಬಂದು ಬೀಳುತ್ತಿತ್ತು. ಎಪ್ಪತ್ತೊಂದರಲ್ಲಿ, ತೂಬಿನ ಚಕ್ರ ತಿರುಗಿಸಿದರೆ ಕಿರುಗುಟ್ಟಿ ಊರಿನ ಕೂಸುಗಳೆಲ್ಲ ಏಳುತ್ತವೆ ಎಂದು ದೂರು. ಎಪ್ಪತ್ತೈದರಲ್ಲಿ, ತೂಬಿನ ಮೇಲೆ ಒಂದು ಉಡ ಮಲಗುತ್ತದೆ, ಅದು ಯಾವ ಇಲಾಖೆಯ ವ್ಯಾಪ್ತಿಗೆ ಬರುತ್ತದೆ ತಿಳಿಸಬೇಕು ಎಂದು. ಎಂಬತ್ತರಲ್ಲಿ, ಪಕ್ಕದ ಊರಿನ ತೂಬಿಗೆ ನೀಲಿ ಬಣ್ಣ, ನಮ್ಮದಕ್ಕೆ ಹಸಿರು, ಅವರು ಸುಮ್ಮನೆ ಜಂಬ ಕೊಚ್ಚುತ್ತಾರೆ ಎಂದು. ಎಂಬತ್ತನಾಲ್ಕರ ಪತ್ರ ಎಲ್ಲಕ್ಕಿಂತ ಚೆಂದ. ಎಣ್ಣೆ ಹಾಕಿಸಿ ಚಕ್ರದ ಸದ್ದು ನಿಲ್ಲಿಸಿದ್ದಕ್ಕೆ ವಂದನೆಗಳು, ಆದರೆ ಈಗ ನೀರು ಬಿಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ, ದಯವಿಟ್ಟು ಸದ್ದನ್ನು ಹಿಂದಿರುಗಿಸಿ ಎಂದಿತ್ತು. ಪ್ರತಿಯೊಂದಕ್ಕೂ ಕಚೇರಿ ಉತ್ತರ ಬರೆದಿತ್ತು, ಉಡದ ಪತ್ರಕ್ಕೂ.

ತೊಂಬತ್ತಾರರಲ್ಲಿ ಫೌಜಾನ್ ಎಂಬ ಹೊಸ ಎಂಜಿನಿಯರು ನಮ್ಮ ಜಿಲ್ಲೆಗೆ ಬಂದರು. ಅಚ್ಚುಕಟ್ಟಿನ ಮನುಷ್ಯ. ದಾಖಲೆ ಕೋಣೆಯ ಅರ್ಧವನ್ನು ಖಾಲಿ ಮಾಡಿ ಅಲ್ಲಿ ಗಣಕಯಂತ್ರ ಇಡಿಸಬೇಕು ಎಂದು ಅವರ ಆಸೆ. ಜಲೇಹಾ ಉತ್ಸಾಹದಿಂದ ಸಾವಿರದ ಇನ್ನೂರು ಕಡತಗಳ ಪಟ್ಟಿ ಮಾಡಿದಳು. ಇನ್ನೂರ ಹದಿನಾಲ್ಕಕ್ಕೆ ಮುಂದಿನ ಫೆಬ್ರುವರಿಯಲ್ಲಿ ಐದು ತುಂಬುವುದಿತ್ತು, ಅದನ್ನೂ ಸೇರಿಸಿದಳು. ಡಿಸೆಂಬರಿನಲ್ಲಿ ಪತ್ರ ಬಂತು. ಈ ಸಲ, ತೂಬಿನ ನೀರು ಮೊದಲಿನ ಹಾಗೆ ರಭಸವಾಗಿ ಬಾರದೆ ತೀರಾ ಸಂಕೋಚದಿಂದ ಬರುತ್ತಿದೆ ಎಂದು.

ಫೌಜಾನ್ ಪತ್ರವನ್ನು ಎರಡು ಸಲ ಓದಿದರು. “ಸಂಕೋಚದಿಂದ ಅಂದ್ರೇನು? ಇನ್ಮೇಲೆ ಬರೀಬೇಡಿ ಅಂತ ಈ ಮನುಷ್ಯನಿಗೆ ಒಂದು ಕಾಗದ ಹಾಕಿ.”

“ಹಾಕಬಹುದು ತುವಾನ್,” ಎಂದಳು ಜಲೇಹಾ. ದೊಡ್ಡ ಅಧಿಕಾರಿಗಳನ್ನು ನಾವು ಕರೆಯುವುದೇ ಹಾಗೆ. “ಆದ್ರೆ ನಾವು ಹಾಕಿದ ಕಾಗದಾನೂ ಅದೇ ಕಡತಕ್ಕೆ ಹೋಗತ್ತೆ. ಆಮೇಲೆ ಮತ್ತೆ ಐದು ವರ್ಷ.”

ಫೌಜಾನ್ ಪತ್ರವನ್ನು ಅವಳ ಕೈಗೆ ತಿರುಗಿಸಿ ಕೊಟ್ಟರು. ಜಲೇಹಾ ಹೊರಗೆ ಬಂದು ನನ್ನ ಮೇಜಿನ ಮೇಲೆ ಕೈಯೂರಿ ನಿಂತಳು. “ಕೆಂಗ್, ನಾಳೆ ನಿನ್ನ ಕಾರಲ್ಲಿ ಬತು ರಾಕಿತ್‌ಗೆ ಹೋಗೋಣ. ನಾನು ಕೆಲಸಕ್ಕೆ ಸೇರಿದಾಗಿನಿಂದ ಈ ಮುದುಕ ನನ್ನ ಆಟ ಆಡಿಸ್ತಿದಾನೆ. ಮುಖಾನಾದ್ರೂ ನೋಡ್ಬೇಕು.”

ಸಿದೆಕ್ ಅಜ್ಜನ ಮನೆ ಕಾಲುವೆಯ ದಡದಲ್ಲೇ ಇತ್ತು, ಕಂಬಗಳ ಮೇಲೆ ನಿಂತ ಹಲಗೆಯ ಮನೆ. ವಯಸ್ಸು ಎಪ್ಪತ್ತರ ಆಸುಪಾಸು. ಮೆಟ್ಟಿಲ ಮೇಲೆ ಕೂತು ಬಲೆ ಹೆಣೆಯುತ್ತಿದ್ದ ಅವರು ಜಲೇಹಾಳ ಎದೆಯ ಮೇಲಿದ್ದ ಕಚೇರಿಯ ಬಿಲ್ಲೆ ನೋಡಿ ಸಂತೋಷದಿಂದ ಎದ್ದರು. ಒಳಗಿನಿಂದ ಕರಿದ ಬಾಳೆಹಣ್ಣು, ಕಪ್ಪು ಕಾಫಿ ಬಂದವು.

“ತೋಕ್, ನೀರಿಗೇನು ಸಂಕೋಚ?” ಜಲೇಹಾ ನೇರವಾಗಿ ಕೇಳಿದಳು. ತೋಕ್ ಎಂದರೆ ನಮ್ಮಲ್ಲಿ ಅಜ್ಜ.

ಅಜ್ಜ ಕಾಲುವೆಯತ್ತ ನೋಡಿದರು. ನೀರು ಧಾರಾಳವಾಗಿ ಹರಿಯುತ್ತಿತ್ತು. “ಇವತ್ತು ಪರವಾಗಿಲ್ಲ ಮಗಳೇ. ನೀವು ಬರ್ತೀರ ಅಂತ ಗೊತ್ತಾಗಿರ್ಬೇಕು.”

“ಹಾಗಾದ್ರೆ ಉಡ?”

“ಉಡ ಇತ್ತು. ಉಡದ ವಿಷಯದಲ್ಲಿ ನಾನು ಸುಳ್ಳು ಹೇಳಿಲ್ಲ.”

“ತೋಕ್, ನಾಲ್ಕು ವರ್ಷ ಸುಮ್ನಿದ್ದು ಐದನೇ ವರ್ಷ ತುಂಬೋ ಮುಂಚೆ ಸರಿಯಾಗಿ ಬರೀತೀರಲ್ಲ. ನಿಮಗೆ ಯಾರು ಹೇಳ್ಕೊಟ್ರು?”

ಅಜ್ಜ ಇನ್ನೊಂದು ಬಾಳೆಹಣ್ಣನ್ನು ಅವಳ ತಟ್ಟೆಗೆ ಹಾಕಿದರು. ಬಹಳ ದಿನದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವರ ಹಾಗೆ ನಿಧಾನವಾಗಿ ಹೇಳತೊಡಗಿದರು.

ತೂಬು ಕಟ್ಟಲು ಸರ್ಕಾರದವರು ಬಂದಾಗ ಊರಿನ ನೀರು ಯಾವ ಗದ್ದೆಯಿಂದ ಯಾವ ಗದ್ದೆಗೆ ಇಳಿಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವಂತೆ. ಗೊತ್ತಿದ್ದದ್ದು ಅಜ್ಜನ ಅಪ್ಪ ಜಿದಿನ್‌ಗೆ. ಅವರಿಗೆ ಓದು ಬರಹ ಇರಲಿಲ್ಲ. ದೊಡ್ಡ ಹಾಳೆಯ ಮೇಲೆ ಇದ್ದಿಲು, ಅರಿಶಿನ, ಬಟ್ಟೆಗೆ ಹಾಕುವ ನೀಲಿ ತಗೊಂಡು ಮೂರು ದಿನ ಕೂತು ಇಡೀ ಊರಿನ ನೀರನ್ನು ಬರೆದುಕೊಟ್ಟರು. ಎಂಜಿನಿಯರು ಅದನ್ನು ಹಿಡಿದುಕೊಂಡೇ ತೂಬಿನ ಜಾಗ ಗುರುತು ಮಾಡಿದರು. ಆಮೇಲೆ ಹಾಳೆ ಕಚೇರಿಗೆ ಹೋಯಿತು. ಅಪ್ಪ ತೀರಿಕೊಂಡ ಮೇಲೆ, ಅರವತ್ತಾರರಲ್ಲಿ, ಅಜ್ಜ ಅದನ್ನು ವಾಪಸು ಕೇಳಿ ಪತ್ರ ಬರೆದರು. ಅದು ಸರ್ಕಾರದ ಆಸ್ತಿ, ಕೊಡಲಾಗದು ಎಂದು ಉತ್ತರ ಬಂತು.

“ನಂಗೆ ಸಿಟ್ಟು ಬರ್ಲಿಲ್ಲ ಮಗಳೇ. ಸರ್ಕಾರದ ಆಸ್ತಿ ಅಂದ್ರೆ ಸರ್ಕಾರ ನೋಡ್ಕೊಳ್ಳತ್ತೆ, ನಮ್ಮನೇಲಿದ್ರೆ ಇಲಿ ತಿನ್ನತ್ತೆ ಅಂದ್ಕೊಂಡೆ. ಆಮೇಲೊಂದಿನ ಕಾಫಿ ಅಂಗಡೀಲಿ ನಿಮ್ಮ ಕಚೇರಿ ಜವಾನ ಸಿಕ್ಕಿದ್ದ. ಐದು ವರ್ಷ ಯಾರೂ ಬರೀದಿದ್ರೆ ಕಡತಾನ ಪುಡಿ ಮಾಡ್ತಾರೆ ಅಂದ. ಆವತ್ತಿಂದ ಬರೀತಿದೀನಿ. ಕ್ಯಾಲೆಂಡರಲ್ಲಿ ಗುರುತು ಹಾಕಿಟ್ಕೊಂಡು.”

“ನಕ್ಷೆ ಇಟ್ಕೊಳ್ಳಿ ಅಂತ ನೇರವಾಗಿ ಬರೀಬಹುದಿತ್ತಲ್ಲ, ತೋಕ್?” ಎಂದು ನಾನು ಕೇಳಿದೆ.

“ಹಾಗೆ ಬರ್ದಿದ್ರೆ ಒಂದೇ ಸಲಕ್ಕೆ ಆಗೋದಿಲ್ಲ ಅಂದ್ಬಿಡೋರು. ತೂಬಿನ ಬಗ್ಗೆ ಬರ್ದ್ರೆ ಯಾರೂ ಇಲ್ಲ ಅನ್ನೋದಿಲ್ಲ.”

ನಾನು ನಕ್ಕೆ. ಜಲೇಹಾ ನಗಲಿಲ್ಲ. ಹಿಂದಿರುಗುವ ದಾರಿಯಲ್ಲಿ, ಊರು ಹತ್ತಿರವಾದಾಗ ಹೇಳಿದಳು: “ಹದಿನೇಳು ವರ್ಷದಿಂದ ಆ ಕಡತ ನನ್ನ ಕೈಲಿದೆ ಕೆಂಗ್. ಮೇಲಿನ ದೂರು, ಅದರ ತಾರೀಖು ನೋಡ್ತಿದ್ದೆ, ಅಷ್ಟೆ. ದೂರುಗಳ ಕೆಳಗಿನ ಹಾಳೆ ಒಂದಿನಾನೂ ತಿರುಗಿಸಿ ನೋಡಿಲ್ಲ. ಈ ಸಲ ಮುದುಕ ಮರ್ತಿದ್ರೆ ಲಾರಿಯವರಿಗೆ ಪಾಯಸ ಕುಡಿಸಿ ನಕ್ಷೇನೂ ಕಳಿಸ್ಬಿಡ್ತಿದ್ದೆ.”

ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಕಡತದ ದಾರ ಬಿಚ್ಚಿದೆವು. ಕೆಳಗಿನಿಂದ ಮೂರನೆಯ ಹಾಳೆ, ಎಂಟು ಮಡಿಕೆ. ನನ್ನ ಮೇಜಿನ ಮೇಲೆ ಹಾಸಿದರೆ ಅಂಚು ಹೊರಗೆ ಬಂತು. ಅರಿಶಿನದ ಗದ್ದೆಗಳು, ನೀಲಿಯ ನೀರು. ಮೀನು ಸಿಗುವ ಕಡೆ ಮೀನು, ಬಿದಿರಿರುವ ಕಡೆ ಬಿದಿರು. ನಾನು ಕಸುಬಿನವನು, ಮೊದಲು ಅನುಮಾನವೇ ಬಂತು. ನಮ್ಮ ಸರ್ವೆ ನಕ್ಷೆ ಪಕ್ಕಕ್ಕಿಟ್ಟು ಹೋಲಿಸಿದೆ. ಕಾಲುವೆಯ ಹನ್ನೊಂದು ತಿರುವುಗಳೂ ಅಲ್ಲಿದ್ದವು. ಹನ್ನೆರಡನೆಯದೂ ಒಂದಿತ್ತು, ನಮ್ಮ ನಕ್ಷೆಯಲ್ಲಿ ಇಲ್ಲದ್ದು. ಮಧ್ಯಾಹ್ನ ಹೋಗಿ ನೋಡಿ ಬಂದೆ. ತಿರುವು ಅಲ್ಲೇ ಇತ್ತು, ನಾವೇ ಬಿಟ್ಟಿದ್ದೆವು.

ಜಲೇಹಾ ಪಟ್ಟಿಯಿಂದ ಇನ್ನೂರ ಹದಿನಾಲ್ಕನ್ನು ಹೊಡೆದು ಹಾಕಿ, ಶಾಶ್ವತವಾಗಿ ಇಡಬೇಕಾದ ದಾಖಲೆಗಳ ನಮೂನೆ ತೆಗೆದಳು. ಅಷ್ಟು ವರ್ಷಗಳಲ್ಲಿ ಆ ನಮೂನೆಯನ್ನು ಅವಳು ತುಂಬಿದ್ದೇ ಇಲ್ಲ. ‘ಕಾರಣ’ ಎಂಬ ಅಂಕಣ ಎರಡು ಬೆರಳಷ್ಟು ಅಗಲ. ಅದರಲ್ಲಿ ಹಿಡಿಸದೆ ನಾಲ್ಕು ಹಾಳೆ ಬೇರೆ ಲಗತ್ತಿಸಿದಳು. ಕಡತವನ್ನೂ ಸೇರಿಸಿ ಸಹಿಗೆ ಒಯ್ದಾಗ ಫೌಜಾನ್ ಮುಖ ಗಂಟು ಹಾಕಿ, “ಇಲ್ಲೇ ಬಿಟ್ಟು ಹೋಗಿ, ಓದ್ತೀನಿ,” ಎಂದರು. ಊಟದ ಹೊತ್ತಿಗೆ ಅವರ ಕೋಣೆಯಿಂದ ನಗು ಕೇಳಿಸಿತು. ಉಡದ ಪತ್ರಕ್ಕೆ ಬಂದಿರಬೇಕು ಎಂದು ನಾವು ಲೆಕ್ಕ ಹಾಕಿದೆವು. ಸಂಜೆ ಸಹಿಯಾಗಿ ಬಂತು.

ಇಪೋ ನಗರದ ದಾಖಲೆ ಭಂಡಾರದಿಂದ ನೂರೈನಿ ಎಂಬ ತರುಣಿ ಪರಿಶೀಲನೆಗೆ ಬಂದಳು. ಕೈಗೆ ಬಿಳಿ ಗವಸು ಹಾಕಿಕೊಂಡು ನಕ್ಷೆಯನ್ನು ಬಹಳ ಹೊತ್ತು ನೋಡಿ, “ಇದನ್ನ ತಗೊಂಡು ಹೋಗ್ತೀನಿ. ದೂರಿನ ಪತ್ರಗಳು ಬೇಡ, ಅವನ್ನ ಪುಡಿ ಮಾಡ್ಬಹುದು,” ಎಂದಳು.

“ಆಗಲ್ಲ,” ಎಂದಳು ಜಲೇಹಾ.

“ಕಾಕ್, ಅದ್ರಲ್ಲಿ ಬರೀ ಉಡ, ಬಣ್ಣ ಇದೆ.”

“ಆ ಉಡ ಇರ್ಲಿಲ್ಲ ಅಂದ್ರೆ ನೀನಿವತ್ತು ಇಲ್ಲಿ ಗವಸು ಹಾಕ್ಕೊಂಡು ಕೂತಿರ್ತಿರ್ಲಿಲ್ಲ ತಂಗಿ. ಮೂವತ್ತೈದು ವರ್ಷ ಈ ನಕ್ಷೆ ಉಳಿಸಿರೋದು ಈ ಕಡತದ ಕಪಾಟಲ್ಲ, ನಾನೂ ಅಲ್ಲ. ಈ ಪತ್ರಗಳು. ಎರಡೂ ಒಟ್ಟಿಗೆ ಹೋಗ್ಬೇಕು.”

ನೂರೈನಿ ಪತ್ರಗಳನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು. ಸದ್ದನ್ನು ಹಿಂದಿರುಗಿಸಿ ಎಂಬಲ್ಲಿಗೆ ಬಂದಾಗ ಗವಸಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಕಡತ ಇಡಿಯಾಗಿ ಹೋಗುವುದೆಂದು ತೀರ್ಮಾನವಾಯಿತು.

ಕಳಿಸುವ ದಿನ ಸಿದೆಕ್ ಅಜ್ಜನನ್ನು ಕಚೇರಿಗೆ ಕರೆಸಿದೆವು. ಕಪ್ಪು ಮಖಮಲ್ಲಿನ ಟೋಪಿ, ಇಸ್ತ್ರಿ ಮಾಡಿದ ಅಂಗಿ. ಮೂವತ್ತೈದು ವರ್ಷದ ಮೇಲೆ ಅಪ್ಪ ಬರೆದ ನಕ್ಷೆಯ ಮುಂದೆ ನಿಂತರು. ನಾವು ಮೂವರೂ, ಫೌಜಾನ್ ಸೇರಿ, ಅವರು ಅಳಬಹುದೆಂದು ಒಂದು ಹೆಜ್ಜೆ ಹಿಂದೆ ಸರಿದೆವು. ಅಜ್ಜ ಬಗ್ಗಿ ನೋಡುತ್ತಾ ನೋಡುತ್ತಾ ಭುಜ ಕುಲುಕಿಸಿ ನಗತೊಡಗಿದರು.

“ಈ ಕೋಣ ಎಷ್ಟು ಚೆನ್ನಾಗಿದೆ ಅಲ್ವಾ ತೋಕ್?” ಎಂದರು ಫೌಜಾನ್, ನೀರಲ್ಲಿ ಮುಳುಗಿದ್ದ ಕಪ್ಪು ಆಕಾರ ತೋರಿಸಿ.

“ಅದು ಕೋಣ ಅಲ್ಲ ತುವಾನ್. ನನ್ನ ಚಿಕ್ಕಪ್ಪ. ದಿನಾ ಮಧ್ಯಾಹ್ನ ಅಲ್ಲೇ ಬಿದ್ಕೊಂಡಿರೋನು, ಕೆಲಸ ಹೇಳಿದ್ರೆ ಮುಳುಗೋನು. ಅಪ್ಪ ಅವನನ್ನೂ ಬಿಟ್ಟಿಲ್ಲ.”

ನಾನು ಮಾಡಿದ್ದ ನಕ್ಷೆಯ ಪ್ರತಿಯನ್ನು ಸುತ್ತಿ ಅವರ ಕೈಗೆ ಕೊಟ್ಟೆ. ಅದರಲ್ಲಿ ಚಿಕ್ಕಪ್ಪನಿಗೆ ನಾನು ಕೊಂಬು ಬಿಡಿಸಿದ್ದೆ. ಹೇಳುವ ಧೈರ್ಯವಾಗಲಿಲ್ಲ.

ಆ ಮಾರ್ಚಿನಲ್ಲಿ ಲಾರಿ ಬರಲಿಲ್ಲ. ಪುಡಿಗೆ ಹೋಗಬೇಕಿದ್ದ ಪ್ರತಿ ಕಡತವನ್ನೂ ಮೊದಲ ಹಾಳೆಯಿಂದ ತಿರುಗಿಸಿ ನೋಡದೆ ಬಿಡುವುದಿಲ್ಲ ಎಂದು ಜಲೇಹಾ ಹಠ ಹಿಡಿದಳು. ಫೌಜಾನ್ ಗೊಣಗಿ, ಗಣಕಯಂತ್ರವನ್ನು ತಮ್ಮ ಕೋಣೆಯಲ್ಲೇ ಇಡಿಸಿಕೊಂಡರು. ಅವಳು ದಿನಕ್ಕೆ ಆರೇಳು ಕಡತ ಓದುತ್ತಿದ್ದಳು. ಚೆಂದದ್ದು ಸಿಕ್ಕರೆ ಬಾಗಿಲಿಗೆ ಬಂದು ನನಗೆ ಓದಿ ಹೇಳುತ್ತಿದ್ದಳು. ಸಾವಿರದ ಇನ್ನೂರರಲ್ಲಿ ಇಡಲು ಯೋಗ್ಯವಾದದ್ದು ಕೊನೆಗೆ ಸಿಕ್ಕಿದ್ದು ನಾಲ್ಕೇ. ಅದಕ್ಕೇನೂ ಅವಳು ಬೇಸರ ಪಟ್ಟುಕೊಳ್ಳಲಿಲ್ಲ.

ಮುಂದಿನ ವರ್ಷ ಅಜ್ಜನನ್ನು ಕರೆದುಕೊಂಡು ಇಪೋಗೆ ಹೋದೆವು. ನೂರೈನಿ ಬೂದು ಬಣ್ಣದ ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟಳು. ಮೇಲೆ ಅಚ್ಚು ಹಾಕಿದ ಚೀಟಿ: ನಕ್ಷೆ ಬರೆದವರು, ಜಿದಿನ್ ಬಿನ್ ಲಾತಿಪ್, ರೈತ. ಅದರ ಕೆಳಗೆ: ಪತ್ರಗಳನ್ನು ಬರೆದವರು, ಸಿದೆಕ್ ಬಿನ್ ಜಿದಿನ್, ರೈತ. ಅಜ್ಜ ಎರಡೂ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು.

“ಇನ್ಮೇಲೆ ನಾನು ಬರೀಬೇಕಾಗಿಲ್ಲ, ಅಲ್ವಾ?” ಎಂದರು. ದನಿ ಸ್ವಲ್ಪ ಸಪ್ಪಗಾಗಿತ್ತು.

“ಬರೀಬೇಕಾಗಿಲ್ಲ ತೋಕ್,” ಎಂದಳು ಜಲೇಹಾ. “ಮನಸಾದ್ರೆ ನಮ್ಮನೇಗೆ ಬರೀರಿ. ನಮ್ಮನೆ ನಲ್ಲೀಲೂ ನೀರು ಸರಿಯಾಗಿ ಬರಲ್ಲ.”

ಅಜ್ಜ ನಕ್ಕು, ತಮಗೆ ಹಸಿವಾಗಿದೆ ಎಂದರು. ನದಿಯ ಪಕ್ಕದ ಹೋಟೆಲಿನಲ್ಲಿ ಹುಳಿ ಬರಿಸಿದ ದುರಿಯನ್ ಹಣ್ಣು ಹಾಕಿದ ಮೀನಿನ ಸಾರು ಸಿಗುತ್ತದೆಂದು ನೂರೈನಿ ಹೇಳಿದಳು. ಅವಳೂ ನಮ್ಮ ಜೊತೆ ಬಂದಳು. ಅಜ್ಜ ಎರಡು ತಟ್ಟೆ ಅನ್ನ ಉಂಡರು, ಜಲೇಹಾ ಮೂರು.