ಬೆನ್ನ ಹಿಂದೆ ಒಂದು ಚೊಂಬು ನೀರು

ಮದುವೆಯಾದ ಹೊಸತರಲ್ಲಿ ಗಂಡನ ಊರಿಗೆ ಹೋಗಿ ವಾಪಸ್ ಹೊರಡುವಾಗ, ನನ್ನ ಅತ್ತೆ ಕಪ್ಪು ತಲೆವಸ್ತ್ರವನ್ನು ತಲೆಗೆ ಬಿಗಿದುಕೊಂಡು ಬಂದು ನಮ್ಮ ಕಾರಿನ ಹಿಂದೆ ಒಂದು ಹೂಜಿ ನೀರು ಸುರಿದರು. ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಯಾರ ಹೆಸರಿಗೆ ನೀರು ಬಿಡುತ್ತಾರೆಂದು ನಿಮಗೆ ಹೇಳಬೇಕಾಗಿಲ್ಲ. ಇಷ್ಟು ಬೇಗ ಎಳ್ಳುನೀರು ಬಿಟ್ಟರಲ್ಲ ಎಂದು ದಾರಿಯುದ್ದಕ್ಕೂ ಅಳುತ್ತಿದ್ದೆ. ನನ್ನ ಗಂಡ ಯಾನಿಸ್ ಮೊದಲು ಗಾಬರಿಯಾದ, ಆಮೇಲೆ ನಕ್ಕ. ನೀರು ಹರಿದ ಹಾಗೆ ದಾರಿ ಸರಾಗವಾಗಲಿ, ಹೋದವರು ತಿರುಗಿ ಬರಲಿ ಎಂದು ಸುರಿಯುವುದಂತೆ. ನಾವು ‘ಹೋಗಿ ಬರ್ತೇನೆ’ ಎಂದು ಬಾಯಲ್ಲಿ ಹೇಳುವುದನ್ನು ಅವರು ನೀರಿನಲ್ಲಿ ಹೇಳುತ್ತಾರೆ.

ಅದು ಗ್ರೀಸಿನ ಬೆಟ್ಟದ ಮೇಲಿನ ಹಳ್ಳಿ. ಬರೀ ಕಲ್ಲು. ಗೋಡೆ ಕಲ್ಲು, ಸೂರು ಕಲ್ಲು, ಹೊಳೆಗೆ ಕಟ್ಟಿದ ಕಮಾನು ಸೇತುವೆಯೂ ಕಲ್ಲು. ಹೊಲದಲ್ಲಿ ಏನೂ ಬೆಳೆಯದೆ ಗಂಡಸರು ತಲೆತಲಾಂತರದಿಂದ ಕಲ್ಲುಕೆಲಸಕ್ಕೆ, ರೊಟ್ಟಿ ಸುಡುವುದಕ್ಕೆ ದೂರದ ಊರುಗಳಿಗೆ ಹೋದರು. ಪ್ರವಾಸಿಗರು ಬಾಯಿ ಬಿಟ್ಟುಕೊಂಡು ನೋಡುವ ದೊಡ್ಡ ಮನೆಗಳೆಲ್ಲ ಹಾಗೆ ಹೋದವರು ಕಳಿಸಿದ ಹಣದವು. ಊರಂಚಿಗೆ ಒಂದು ಓಕ್ ಮರವಿದೆ. ಕಳಿಸಿಕೊಡಲು ಬಂದ ಹೆಂಗಸರು ಅಲ್ಲೇ ನಿಂತು ಅಳಬೇಕಿತ್ತು, ಮುಂದೆ ಬರುವ ಹಾಗಿರಲಿಲ್ಲ. ಈಗ ಆ ಮರಕ್ಕೊಂದು ಬೋರ್ಡು, ಪಕ್ಕದಲ್ಲಿ ಕಾರು ನಿಲ್ಲಿಸಲು ಜಾಗ. ಜನ ಅಳುವ ಹಾಗೆ ಮುಖ ಮಾಡಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಸಿಂಗಪುರಕ್ಕೆ ಬಂದಿದ್ದು ಯಾನಿಸ್‌ನ ಕೆಲಸಕ್ಕಾಗಿ. ಅವನು ಹಡಗಿನ ಎಂಜಿನಿಯರ್. ನನಗೆ ಒನ್-ನಾರ್ತ್ ಬಡಾವಣೆಯಲ್ಲಿ ಲ್ಯಾಬ್ ಕೆಲಸ. ಪಾಸಿರ್ ರಿಸ್‌ನಲ್ಲಿ ಬಾಡಿಗೆ ಫ್ಲಾಟು, ಮಾಲೀಕರು ಬದಲಾದಾಗಲೆಲ್ಲ ನಾವೂ ಮನೆ ಬದಲಾಯಿಸಿದ್ದೇವೆ. ಅವನ ಊರಲ್ಲಿ ಮುನ್ನೂರು ವರ್ಷದ ಗೋಡೆ, ಇಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರ ಅಪ್ಪಣೆ. ಕುಚ್ಚಲಕ್ಕಿ ಲಿಟಲ್ ಇಂಡಿಯಾದಲ್ಲಿ ಸಿಕ್ಕಿದ ದಿನ ನಾನು ಗೆದ್ದೆ ಅಂದುಕೊಂಡೆ. ಯಾನಿಸ್‌ಗೆ ಅವನ ಊರಿನ ರೊಟ್ಟಿ ಇವತ್ತಿಗೂ ಸಿಕ್ಕಿಲ್ಲ.

ಅವನು ಹಡಗಿಗೆ ಹೊರಟರೆ ವಾರಗಟ್ಟಲೆ ಬರುವುದಿಲ್ಲ. ಹಾಗಾಗಿ ಅತ್ತೆಯ ಪದ್ಧತಿ ನನಗೂ ಅಂಟಿಕೊಂಡಿತು. ಅವನು ಲಿಫ್ಟಿನ ಕಡೆ ನಡೆಯುವಾಗ ಕಾರಿಡಾರಿನಲ್ಲಿ ಒಂದು ಚೊಂಬು ನೀರು. ಮಗಳು ಮೀರಾ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಒಂದು ದಿನ ಪಕ್ಕದ ಮನೆಯ ಚೀನೀ ಆಂಟಿ ಬಾಗಿಲು ತೆರೆದು, ‘ಪೀಪಲ್ ಸ್ಲಿಪ್ ಲಾ. ಮಾಸ್ಕಿಟೋ ಆಲ್ಸೋ ಕಮ್,’ ಅಂದರು. ಈ ಊರಲ್ಲಿ ನಿಂತ ನೀರಿಗೂ ದಂಡ. ಅಂದಿನಿಂದ ಬಾಗಿಲ ಪಕ್ಕದ ಕರಿಬೇವಿನ ಕುಂಡಕ್ಕೆ ಸುರಿಯುತ್ತಾ ಬಂದೆ. ಗಂಡ ತಿರುಗಿ ಬರಲಿ, ಕರಿಬೇವೂ ಬದುಕಲಿ.

ಯಾನಿಸ್‌ಗೆ ಇದ್ದ ಆಸೆ ಒಂದೇ. ಕೊನೆಗೊಮ್ಮೆ ಆ ಕಲ್ಲಿನ ಮನೆಗೆ ಹೋಗಿ ನೆಲೆಸುವುದು. ಕಳೆದ ಬೇಸಿಗೆಯಲ್ಲಿ ಹೋದರೆ ಅವನ ಅಣ್ಣ ಮನೆಯನ್ನು ಅತಿಥಿಗೃಹದವರಿಗೆ ದೀರ್ಘ ಗುತ್ತಿಗೆಗೆ ಕೊಟ್ಟಾಗಿತ್ತು. ಯಾನಿಸ್ ಹುಟ್ಟಿದ ಕೋಣೆಯನ್ನು ನಾವು ಆ್ಯಪಿನಲ್ಲಿ ಬುಕ್ ಮಾಡಿದೆವು. ಅತ್ತೆ ಇದ್ದದ್ದು, ಹಿಂದೆಲ್ಲ ಹೇಸರಗತ್ತೆ ಕಟ್ಟುತ್ತಿದ್ದ ಕೆಳಗಿನ ಕೋಣೆಯಲ್ಲಿ. ತಮ್ಮನಿಗಾಗಿ ಒಂದು ಮೂಲೆಯನ್ನಾದರೂ ಬಿಡಬಾರದಿತ್ತೇ ಎಂದು ನಾನು ಕೇಳಿದ್ದಕ್ಕೆ, ಚಳಿಗಾಲದಲ್ಲಿ ಬನ್ನಿ, ಆಗ ಕೋಣೆಗಳು ಖಾಲಿ ಇರುತ್ತವೆ ಎಂದ ಅಣ್ಣ. ಯಾನಿಸ್ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಅತಿಥಿಗಳು ಹೊರಡುವಾಗ ಅತ್ತೆ ಹೂಜಿ ಹಿಡಿದು ಬರುತ್ತಿದ್ದರು. ಕಾರಿನ ಹಿಂದೆ ನೀರು ಸುರಿಯುವುದು, ಅತಿಥಿಗಳು ಅದನ್ನು ಫೋನಿನಲ್ಲಿ ಹಿಡಿಯುವುದು. ಅತಿಥಿಗೃಹದ ಜಾಹೀರಾತಿನಲ್ಲೂ ಸೇತುವೆ ಮತ್ತು ಮರದ ಪಕ್ಕ ಅತ್ತೆಯ ಚಿತ್ರವಿದೆ. ಬೇಜಾರಾಗುವುದಿಲ್ಲವೇ ಎಂದು ಯಾನಿಸ್ ಮೂಲಕ ಕೇಳಿಸಿದೆ.

‘ಅವರೂ ಹೋಗುವವರೇ,’ ಅಂದರು ಅತ್ತೆ. ‘ನೀವೂ.’

ನಾವು ಹೊರಟ ದಿನವೂ ಬಂದರು. ಹೂಜಿಯನ್ನು ಬಗ್ಗಿಸಿ ನೀರು ಸುರಿದರು. ಆಮೇಲೆ ತಲೆವಸ್ತ್ರ ಸರಿಮಾಡಿಕೊಂಡು, ಅತಿಥಿಗಳ ಫೋನು ಎಲ್ಲಿರುತ್ತದೋ ಅತ್ತ ನೋಡಿ ನಕ್ಕರು. ನಮ್ಮ ಕೈಯಲ್ಲಿ ಫೋನಿರಲಿಲ್ಲ. ಮೊದಲ ಸಲಕ್ಕಿಂತ ಹೆಚ್ಚು ಅಳು ಬಂತು, ಈ ಸಲ ಯಾನಿಸ್ ಸಮಾಧಾನ ಹೇಳಲಿಲ್ಲ.

ವಾಪಸ್ ಬಂದು ನೋಡಿದರೆ ಕರಿಬೇವು ಒಣಗಿ ಕಡ್ಡಿಯಾಗಿತ್ತು. ಆ ವಾರವೇ ಯಾನಿಸ್ ಹಡಗಿಗೆ ಹೊರಟ. ಲಿಫ್ಟಿನ ಮುಂದೆ ನಮಗೆ ಬೆನ್ನು ಹಾಕಿ ನಿಂತ, ಎಂದಿನ ಹಾಗೆ. ನಾನು ಚೊಂಬು ಹಿಡಿದಿದ್ದೆ, ಕೈ ಏಳಲಿಲ್ಲ. ತಿರುಗಿ ಬರಲಿ ಎನ್ನಬೇಕು, ಸರಿ, ಎಲ್ಲಿಗೆ? ಮಾಲೀಕರು ನಾಳೆ ಬಿಡಿ ಎಂದರೆ ಬಿಡಬೇಕಾದ ಈ ಬಾಗಿಲಿಗೋ? ಲಿಫ್ಟು ಬಂತು, ಅವನು ಒಳಗೆ ಹೋದ, ಬಾಗಿಲು ಮುಚ್ಚಿಕೊಂಡಿತು.

ಹಿಂದೆ ನಿಂತಿದ್ದ ಮೀರಾ ಕೇಳಿದಳು: ‘ಅಮ್ಮ, ಇವತ್ತು ನೀರು ಹಾಕ್ಲೇ ಇಲ್ಲ. ಪಪ್ಪ ವಾಪಸ್ ಬರಲ್ವಾ?’

ಓಡಿಹೋಗಿ ಲಿಫ್ಟಿನ ಮುಂದೆಯೇ ಇಡೀ ಚೊಂಬು ಸುರಿದೆ. ಲಿಫ್ಟು ಆಗಲೇ ಕೆಳಗಿಳಿದಿತ್ತು. ಆಂಟಿಯ ಬಾಗಿಲಿನ ಸದ್ದಾಯಿತು. ಅವರು ನೀರನ್ನೂ ನನ್ನನ್ನೂ ನೋಡಿದರು.

ನಾನು ಒಳಗಿನಿಂದ ಬಟ್ಟೆ ತಂದು, ಮೊಣಕಾಲೂರಿ ಕೂತು, ಆ ನೀರನ್ನು ಪೂರ್ತಿ ಒರೆಸಿದೆ.